ಜೀತ ಎಂಬ ಸಂಬಳ

ಆಂಧ್ರದ ಗಡಿಯೂರು ಹಿಂದೂಪುರದಲ್ಲಿ ಕೆಲಸ ಸಿಕ್ಕ ಹುಡುಗನನ್ನು ತೆಲುಗಿನವರು ಕೇಳುವುದು ‘ಜೀತಂ ಎಂತ?’ ಎಂದು. ಬ್ಯಾಂಕ್ ಮ್ಯಾನೇಜರಿಗೂ ಜೀತಂ, ಕಲೆಕ್ಟರಿಗೂ ಜೀತಂ. ಅದೇ ಬೀದಿಯ ಕನ್ನಡದ ಮನೆಯಲ್ಲಿ ‘ನಿನ್ನ ಜೀತ ಎಷ್ಟಪ್ಪ?’ ಎಂದು ಕೇಳಿ ನೋಡಿ, ಜಗಳಕ್ಕೇ ಬರುತ್ತಾರೆ. ನಮ್ಮ ಜೀತಕ್ಕೆ ಸಾಲವುಂಟು, ಧಣಿಯುಂಟು. ಬಿಟ್ಟುಹೋಗುವ ಹಕ್ಕು ಮಾತ್ರ ಇಲ್ಲ.

ಎರಡೂ ಒಂದೇ ಪದ. ಸಂಸ್ಕೃತದ ‘ಜೀವಿತ’ ಜನರ ಬಾಯಲ್ಲಿ ಸವೆದು ‘ಜೀತ’ವಾಯಿತು. ಬದುಕು ಎಂಬ ಅರ್ಥ ಬದುಕಲೆಂದು ಕೊಟ್ಟದ್ದು ಎಂಬುದಕ್ಕೆ ಹೊರಳಿತು. ಚಾಲುಕ್ಯರ ಕಾಲದ ಕನ್ನಡ ಶಾಸನಗಳ ‘ಅಣುಗಜೀವಿತ’ ಅರಮನೆಗೆ ಬೇಕಾದವರಿಗೆ ಬಿಟ್ಟುಕೊಟ್ಟ ನಾಡಿನ ಆದಾಯ. ಆಗ ಜೀವಿತ ಪಡೆಯುವುದು ದೊಡ್ಡಸ್ತಿಕೆ. ಉಂಡ ಜೋಳದ ಋಣಕ್ಕೆ ತಲೆಕೊಡುವ ‘ಜೋಳವಾಳಿ’ಯನ್ನು ಹಳಗನ್ನಡ ಲೋಕ ಕೊಂಡಾಡಿತು. ಉಂಡ ರಾಗಿಯ ಋಣಕ್ಕೆ ಹೊಲದಲ್ಲಿ ಬೆನ್ನು ಬಗ್ಗಿಸಿದವನಿಗೆ ಯಾರೂ ವೀರಗಲ್ಲು ನಿಲ್ಲಿಸಲಿಲ್ಲ.

ಪದ ಕೆಳಗಿಳಿದದ್ದು ಹೇಗೆ? ನನಗೆ ತೋರುವಂತೆ, ದುಡಿಮೆಯ ಬಳಿಕ ಬರಬೇಕಾದ ಕಾಸು ಮೊದಲೇ ಬಂದದ್ದರಿಂದ. ಮದುವೆಗೋ ಕಾಯಿಲೆಗೋ ಮುಂಗಡ ತಂದವನ ದುಡಿಮೆ ಬಡ್ಡಿಗೆ ಸರಿಹೋಯಿತು, ಅಸಲು ಹಾಗೇ ಉಳಿದು ಮಗನ ತಲೆಗೆ ಬಂತು. ತೆಲುಗೂ ಪೂರ್ತಿ ಪಾರಾಗಿಲ್ಲ. ಅಲ್ಲಿ ‘ಜೀತಗಾಡು’ ಎಂದರೆ ಕಲೆಕ್ಟರಲ್ಲ, ರೈತನ ಮನೆಯ ಆಳು. ಕನ್ನಡವಾದರೋ ಮರ್ಯಾದಸ್ಥರಿಗೆಂದು ‘ಸಂಬಳ’ವನ್ನು ಎತ್ತಿಟ್ಟುಕೊಂಡಿತು. ಅದರ ಮೂಲಾರ್ಥ ದಾರಿಯ ಬುತ್ತಿ!

ಇನ್ನು ಜೀತದಾಳಿನ ಬದುಕನ್ನು ಕಾಯ್ದೆಗಳು ಎಷ್ಟು ಬದಲಿಸಿದವು? ಕರ್ನಾಟಕದಲ್ಲಿ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ದೊಡ್ಡ ಕೆಲಸವೇ. ಆದರೆ ಜೀತದಾಳು ಗೇಣಿದಾರನಾಗಿರಲಿಲ್ಲ. ಉತ್ತ ನೆಲದ ಯಾವ ಕಾಗದದಲ್ಲೂ ಅವನ ಹೆಸರಿರಲಿಲ್ಲ. ಅಸಮಾನತೆಯ ತೀರ ಕೆಳಗಿನ ಮೆಟ್ಟಿಲನ್ನು ಭೂಮಿಯ ಕಾಯ್ದೆ ಮುಟ್ಟಲಿಲ್ಲ. ಮುಟ್ಟಿದ್ದು 1976ರ ಜೀತಪದ್ಧತಿ ರದ್ದತಿ ಕಾಯ್ದೆ. ದೇಶದ ನಾನಾ ಕಡೆಯ ಜೀತದ ಹೆಸರುಗಳನ್ನು ಅದು ಪಟ್ಟಿ ಮಾಡಿದೆ. ತೆಲುಗು ಸೀಮೆಯ ‘ಪಾಲೇರು’, ‘ವೆಟ್ಟಿ’ಯ ಜೊತೆ ನಮ್ಮ ‘ಜೀತ’ವೂ ಅಲ್ಲಿದೆ. ಒಬ್ಬರ ಪಗಾರದ ಹೆಸರು ಕೇಂದ್ರದ ಕಾಯ್ದೆಯಲ್ಲಿ ಅಪರಾಧದ ಹೆಸರಾಯಿತು. 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ. ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಮೊಕದ್ದಮೆ ಅದು.

ಕಾಯ್ದೆ ಸಾಲವನ್ನು ಅಳಿಸಬಹುದು, ಹಸಿವನ್ನಲ್ಲ. ಮಳೆ ಕೈಕೊಟ್ಟ ವರ್ಷ ಮತ್ತೆ ಮುಂಗಡಕ್ಕೆ ಕೈಚಾಚಲೇಬೇಕು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನ, ಹಿಂದೂಪುರಕ್ಕೆ ನೆರೆಯ ಅನಂತಪುರದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006ರ ಫೆಬ್ರವರಿ 2ರಂದು ಉದ್ಯೋಗ ಖಾತರಿ ಯೋಜನೆ ಶುರುವಾದದ್ದು ಇದೇ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಆಗ ಒಂದು ಮನೆಗೆ ವರ್ಷಕ್ಕೆ 100 ದಿನದ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, ಅದೂ ದುಡಿದ ಮೇಲೆ, ಅವರವರ ಹೆಸರಿಗೆ. ಕೂಲಿ ತಡವಾದದ್ದುಂಟು, ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದದ್ದುಂಟು. ಆದರೂ ಬೇಸಿಗೆಯಲ್ಲಿ ಬೇರೆ ಕೆಲಸವಿದೆ ಎಂಬುದೊಂದಿದ್ದರೆ ಧಣಿಯ ಮುಂದೆ ‘ಆಗಲ್ಲ’ ಎನ್ನುವ ಧೈರ್ಯ ಬರುತ್ತದೆ. ಹತ್ತು ಭಾಷಣಗಳಿಗಿಂತ ಆ ಒಂದು ಮಾತಿಗೆ ಕೂಲಿ ಏರಿಸುವ ಶಕ್ತಿ ಹೆಚ್ಚು.

ಈಗ ಜೀತ ಎಂದು ಯಾರೂ ಹೇಳುವುದಿಲ್ಲ. ‘ಅಡ್ವಾನ್ಸ್ ತಗೊಂಡಿದಾನೆ’ ಎನ್ನುತ್ತಾರೆ. ಇಟ್ಟಿಗೆ ಗೂಡಿನಲ್ಲೋ ತೋಟದಲ್ಲೋ ‘ಅಡ್ವಾನ್ಸ್ ತೀರುವ ತನಕ ಬಿಡಲ್ಲ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದರೆ, ಅಲ್ಲಿ ದುಡಿಯುವವರಿಗೆ ಇಷ್ಟು ತಿಳಿಸಿ: ಜೀತದ ಸಾಲವನ್ನು ಕಾಯ್ದೆಯೇ ಅಳಿಸಿಹಾಕಿದೆ, ಒಂದು ಪೈಸೆಯನ್ನೂ ತೀರಿಸಬೇಕಾಗಿಲ್ಲ.