ಶ್ಯಾನುಭೋಗರ ಕಟ್ಟು ಈಗ ಯಾರ ಕೈಲಿದೆ?

ನಮ್ಮಜ್ಜಿಗೆ ಸರ್ಕಾರ ಅಂದ್ರೆ ಕರಣಂ. ಯಾರ ಹೊಲ ಎಷ್ಟು, ಯಾರು ಕಂದಾಯ ಕಟ್ಟಿದರು, ಎಲ್ಲಾ ಅವರ ಬಟ್ಟೆ ಸುತ್ತಿದ ಕಟ್ಟಿನೊಳಗೆ. ಮೈಸೂರು ಸೀಮೆಯ ನಮ್ಮ ನೆಂಟರು ಅದೇ ಕೆಲಸದವರನ್ನು ಶ್ಯಾನುಭೋಗರು ಅನ್ನೋರು. ಬಡವರ ಹೊಲ ಇನ್ನೊಬ್ಬರ ಹೆಸರಿಗೆ ಹೋಗುತ್ತಿದ್ದದ್ದೂ ಅಂಥ ಕಟ್ಟುಗಳೊಳಗೇ, ಅದನ್ನೇನೂ ಮುಚ್ಚಿಡಬೇಕಿಲ್ಲ. ಆದರೆ ತಪ್ಪಾದರೆ ಯಾರ ಜಗಲಿ ಮುಂದೆ ನಿಂತು ಕೇಳಬೇಕು ಅನ್ನೋದು ಊರಿಗೇ ಗೊತ್ತಿತ್ತು.

1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಹೋಯಿತು. ತಾಳವಾಡಿಯ ನಾವು ಮದ್ರಾಸಿನಲ್ಲೇ ಉಳಿದೆವು. ಮಾತು ಒಂದೇ, ಕಡತ ಎರಡು. ಆ ಕಡೆ 1963ರಲ್ಲಿ ವಂಶಪಾರಂಪರ್ಯದ ಶ್ಯಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಈ ಕಡೆ ಎಂ.ಜಿ.ಆರ್. ಸರ್ಕಾರ 1980ರಲ್ಲಿ ಕರಣಂ ಹುದ್ದೆ ತೆಗೆಯಿತು, ಆಮೇಲೆ ವಿ.ಎ.ಒ. ಬಂದರು. ಹುದ್ದೆ ಬದಲಾದರೂ ಕಟ್ಟು ಮಾತ್ರ ಊರಿನಲ್ಲೇ ಒಬ್ಬರ ಕೈಲಿತ್ತು.

ಆ ಕಟ್ಟನ್ನು ಕಂಪ್ಯೂಟರಿಗೆ ಏರಿಸಿದ ಕಥೆಯಲ್ಲಿ ಕರ್ನಾಟಕದ 'ಭೂಮಿ' ಯೋಜನೆಗೆ ದೊಡ್ಡ ಜಾಗ ಇದೆ. ಅದಕ್ಕೂ ಮುಂಚೆ ಪಹಣಿಯನ್ನು ಕಂಪ್ಯೂಟರಿಗೆ ತುಂಬಿಸುವ ಪ್ರಯತ್ನ ನಡೆದಿತ್ತು. ಆದರೆ ತುಂಬಿಸಿದ ಮೇಲೆ ಆಗುವ ಖಾತೆ ಬದಲಾವಣೆ ಕಾಗದದಲ್ಲೇ ನಡೆಯುತ್ತಿತ್ತು. ಆದ್ದರಿಂದ ಯಂತ್ರದಲ್ಲಿದ್ದದ್ದು ಬೇಗ ಹಳಸಿಹೋಯಿತು. ಆಮೇಲೆ ಕಂದಾಯ ಇಲಾಖೆಯಲ್ಲಿ ಹೆಚ್ಚುವರಿ ಕಾರ್ಯದರ್ಶಿಯಾಗಿದ್ದ ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿ ಈ ಕೆಲಸ ಹಿಡಿದರು. ತಂತ್ರಾಂಶ ಬರೆದವರು ಎನ್.ಐ.ಸಿ.ಯವರು. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿನಲ್ಲಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು.

ನನಗೆ ದೊಡ್ಡದಾಗಿ ಕಾಣುವುದು ಆ ಲೆಕ್ಕವಲ್ಲ, ಒಳಗಿನ ಕಟ್ಟಳೆ. ಕಂಪ್ಯೂಟರು ತಯಾರಾದ ಕಡೆ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಮಾಡಿದರು, ಹಳೇ ದಾರಿ ಮುಚ್ಚಿತು. ಖಾತೆ ಬದಲಾವಣೆ ಅರ್ಜಿ ಬಂದ ಸರದಿಯಲ್ಲೇ ಮುಗಿಯಬೇಕು. ಬೇಕಾದವರ ಅರ್ಜಿ ಮುಂದೆ ಎಳೆಯೋ ಹಾಗಿಲ್ಲ. ಬರೀ ಪಾಸ್‌ವರ್ಡ್ ಸಾಲದೆ ಬೆರಳಚ್ಚು ಇಟ್ಟರು, ನಾಳೆ 'ನಾನಲ್ಲ ಮಾಡಿದ್ದು' ಅನ್ನೋಕಾಗಬಾರದು. ಕಿಟಕಿಯ ಹೊರಗೆ ನಿಂತ ರೈತನ ಕಡೆಗೆ ಇನ್ನೊಂದು ಪರದೆ ತಿರುಗಿಸಿಟ್ಟರು. ಇವು ಯಾವುವೂ ಯಂತ್ರ ತಾನಾಗಿ ಮಾಡಿದ್ದಲ್ಲ. ರೈತನ ಕಷ್ಟ, ಗುಮಾಸ್ತನ ಕಳ್ಳದಾರಿ ಎರಡೂ ಬಲ್ಲ ಯಾರೋ ಕೂತು ತೀರ್ಮಾನಿಸಿದ್ದು.

ಈ ಕೆಲಸಕ್ಕೇ ಈಗ 'ಮುಖ್ಯ ಮಾಹಿತಿ ಅಧಿಕಾರಿ' ಎಂಬ ಹೆಸರಿದೆ, ಸಿ.ಐ.ಒ. ಅನ್ನುತ್ತಾರೆ. (ಮಾಹಿತಿ ಹಕ್ಕಿನಲ್ಲಿ ನಾವು ಅರ್ಜಿ ಹಾಕುವ ಅಧಿಕಾರಿ ಬೇರೆ, ಇವರು ಬೇರೆ.) ಅಮೆರಿಕದಲ್ಲಿ 1996ರ ಕಾನೂನು ದೊಡ್ಡ ಇಲಾಖೆಗಳಿಗೆ ಇಂಥವರು ಇರಲೇಬೇಕೆಂದಿತು. 2009ರಲ್ಲಿ ಅಲ್ಲಿನ ಕೇಂದ್ರ ಸರ್ಕಾರಕ್ಕೆಲ್ಲ ಒಬ್ಬರನ್ನು ನೇಮಿಸಿದರು. ದೆಹಲಿಯಲ್ಲಿ ಹುಟ್ಟಿದ ವಿವೇಕ್ ಕುಂದ್ರಾ ಮೊದಲಿಗರು. ಚಾವ್ಲಾ ಅವರ ಹುದ್ದೆಗೆ ಆ ಹೆಸರಿರಲಿಲ್ಲ, ಕೆಲಸ ಮಾತ್ರ ಅದೇ ಅಂತ ನನ್ನ ಎಣಿಕೆ.

ಈಗ ನಮ್ಮ ಬೆಟ್ಟದ ಮಾತು. ಪಟ್ಟಾ, ಚಿಟ್ಟಾ ನಮಗೂ ಕಂಪ್ಯೂಟರಿನಲ್ಲಿ ಸಿಗುತ್ತವೆ, ಇ-ಸೇವೈ ಕೇಂದ್ರವಿದೆ. ಹಿಂದಿನ ಹಾಗೆ ಹತ್ತು ಸಲ ಅಲೆಯೋದು ತಪ್ಪಿದೆ, ಒಪ್ಪಬೇಕು. ಕಾಗದ ಬರೋದು ತಮಿಳಲ್ಲಿ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗ ಕೂಡ ಹಾಗೇ. ತಮಿಳು ಬಲ್ಲವರಿಗೆ ಅದು ತೊಡಕಲ್ಲ, ಊರಿನ ಕರಣಂಗಂತೂ ಅಲ್ಲವೇ ಅಲ್ಲ. ಮನುಷ್ಯನ ಮುಖವೇ ಗೊತ್ತಿತ್ತಲ್ಲ. ನಮ್ಮಪ್ಪನ ಹೆಸರು 'ಬಸವ' ಎಂದು ಶುರುವಾಗುತ್ತದೆ. ಆ ಹೆಸರನ್ನು ತಮಿಳಿನಿಂದ ಇಂಗ್ಲಿಷಿಗೆ ಬರೆದವರು 'ಪಸವ' ಮಾಡಿದರು. ಆಧಾರಿನಲ್ಲಿ ಬಸವ, ಇಲ್ಲಿ ಪಸವ. ಸಾಲ ಕೇಳಲು ಹೋದಾಗ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡು ಅಂದರು.

ಮೂರು ಸಲ ಒಂದು ಕಚೇರಿಗೆ ಹೋದೆ. ಅಲ್ಲಿನ ಹುಡುಗ ಒಳ್ಳೆಯವನೇ. 'ಸಾರ್, ಇನ್ನೊಂದು ಲಿಪಿಯಲ್ಲಿ ಹೆಸರು ಹಾಕೋಕೆ ಇಲ್ಲಿ ಕಾಲಮ್ಮೇ ಇಲ್ಲ' ಅಂದ. ಹಾಗಾದ್ರೆ ಕಾಲಮ್ ಮಾಡೋರು ಯಾರಪ್ಪಾ ಅಂದೆ. ಅವನು ಚೆನ್ನೈ ಕಡೆ ಕೈ ತೋರಿಸಿದ.

ಗಡಿಯಲ್ಲಿ ಕನ್ನಡ ಮಾತಾಡುವ ಊರುಗಳಿವೆ, ಹೆಸರನ್ನು ಅವರ ಅಕ್ಷರದಲ್ಲೂ ಇಡೋಣ ಎಂದು ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ಒಂದು ಕಾಲಮ್ಮಿನ ಕೆಲಸ. ಕರಣಂ ಕಾಲದಲ್ಲಿ ಜಗಲಿ ಇತ್ತು. ಈ ಅಧಿಕಾರಿಯ ಜಗಲಿ ಎಲ್ಲಿ ಅಂತ ನಾನಿನ್ನೂ ಹುಡುಕುತ್ತಿದ್ದೇನೆ.

ಹೋದ ತಿಂಗಳು ಮತ್ತೆ ಅರ್ಜಿ ಕೊಟ್ಟೆ. ಅಪ್ಪನ ಹೆಸರನ್ನು ತಮಿಳಲ್ಲಿ ಬರೆದು, ಪಕ್ಕದಲ್ಲಿ ಜಾಗವಿಲ್ಲದಿದ್ದರೂ ಸಣ್ಣದಾಗಿ ಕನ್ನಡದಲ್ಲೂ ಬರೆದಿದ್ದೇನೆ.