ಗೋಡೆ ಯಾರದು, ಮಾತು ಯಾರದು

1917ರ ಜುಲೈ 28ರಂದು ನ್ಯೂಯಾರ್ಕಿನ ಐದನೇ ಅವೆನ್ಯೂದಲ್ಲಿ ಸುಮಾರು 10,000 ಕಪ್ಪುಜನ ಒಂದು ಮಾತೂ ಆಡದೆ ನಡೆದುಹೋದರು. ಆ ತಿಂಗಳ ಮೊದಲಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಬಿಳಿಯರ ಗುಂಪುಗಳು ನಡೆಸಿದ್ದ ಕೊಲೆಗಳಿಗೆ ಅದು ಉತ್ತರ. ಮುಂದೆ ಬಿಳಿ ಬಟ್ಟೆ ತೊಟ್ಟ ಮಕ್ಕಳು ಮತ್ತು ಹೆಂಗಸರು, ಹಿಂದೆ ಕಪ್ಪು ಸೂಟಿನ ಗಂಡಸರು. ಹೇಳಬೇಕಾದುದನ್ನೆಲ್ಲ ಕೈಯಲ್ಲಿದ್ದ ಫಲಕಗಳು ಹೇಳಿದವು. ಪ್ರಜಾಪ್ರಭುತ್ವ ಉಳಿಸಲು ಯುರೋಪಿನ ಯುದ್ಧಕ್ಕೆ ಇಳಿದಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ನರಿಗೆ, ಅದನ್ನು ಅಮೆರಿಕದೊಳಗೇ ಏಕೆ ಉಳಿಸಬಾರದು ಎಂಬ ಪ್ರಶ್ನೆಯೂ ಅವುಗಳಲ್ಲಿತ್ತು.

ಅಲ್ಲಿಂದ ಇಂದಿನವರೆಗಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಬಣ್ಣ, ಶೈಲಿ, ಘೋಷಣೆ ಎಲ್ಲವೂ ಬದಲಾಗಿವೆ. ಆದರೆ ಬರೆದದ್ದು ಎಷ್ಟು ದಿನ ಬಾಳಿತು ಎನ್ನುವುದನ್ನು ಬಹುತೇಕ ಸಲ ತೀರ್ಮಾನಿಸಿದ್ದು ಬರೆದವರ ಕೈಯಲ್ಲ, ಜಾಗದ ಒಡೆತನ.

ಎನ್‌ಎಎಸಿಪಿ ಎಂಬ ಕಪ್ಪುಜನರ ಹಕ್ಕುಗಳ ಸಂಸ್ಥೆಯ ಬಾವುಟವನ್ನೇ ನೋಡಿ. ದೇಶದಲ್ಲಿ ಎಲ್ಲಿಯಾದರೂ ಕಪ್ಪು ಮನುಷ್ಯನನ್ನು ಗುಂಪು ಕೊಂದ ಸುದ್ದಿ ಬಂದರೆ, ನ್ಯೂಯಾರ್ಕಿನ ಕಚೇರಿ ಕಿಟಕಿಯಿಂದ ಕಪ್ಪು ಬಟ್ಟೆಯೊಂದು ಇಳಿಬೀಳುತ್ತಿತ್ತು. ನಿನ್ನೆ ಒಬ್ಬನನ್ನು ಕೊಂದರು ಎಂದಷ್ಟೇ ಅದರ ಮೇಲಿನ ಬಿಳಿ ಅಕ್ಷರಗಳ ಸಾರ. 1938ರಲ್ಲಿ ಕಟ್ಟಡದ ಮಾಲೀಕ ಬಾಡಿಗೆ ಕರಾರು ರದ್ದುಮಾಡುವ ಬೆದರಿಕೆ ಹಾಕಿದ. ಬಾವುಟ ಒಳಗೆ ಹೋಯಿತು. ಕಲಾವಿದ ಡ್ರೆಡ್ ಸ್ಕಾಟ್ 2015ರಲ್ಲಿ ಅದಕ್ಕೆ ಪೊಲೀಸರು ಎಂಬ ಪದ ಸೇರಿಸಿ ಹೊಸದಾಗಿ ಮಾಡಿದ ಬಾವುಟ ಮರುವರ್ಷ ನ್ಯೂಯಾರ್ಕಿನ ಗ್ಯಾಲರಿಯೊಂದರ ಹೊರಗೆ ಹಾರಿದಾಗಲೂ ಕಟ್ಟಡದ ಮಾಲೀಕರು ತಕರಾರು ತೆಗೆದರು. ನಡುವೆ ಸುಮಾರು ಎಂಟು ದಶಕ ಕಳೆದಿತ್ತು.

ನಾಗರಿಕ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ನಡಿಗೆಯಲ್ಲಿ ನಿಯಂತ್ರಣ ಬಂದದ್ದು ಒಳಗಿನಿಂದಲೇ. ಸಂಘಟಕ ಬೇಯರ್ಡ್ ರಸ್ಟಿನ್ ಮತ್ತು ಸಂಗಡಿಗರು ಒಪ್ಪಿದ ಘೋಷಣೆಗಳಷ್ಟೇ ಅಚ್ಚಾಗಬೇಕಿತ್ತು. ಒಂದು ಬಿರುಸು ಮಾತನ್ನೇ ವಿರೋಧಿಗಳು ಆಯುಧ ಮಾಡಿಕೊಳ್ಳುವ ದಿನಗಳವು. ಆ ಎಚ್ಚರವನ್ನು ನಾನು ತಪ್ಪೆನ್ನಲಾರೆ. ಹಾಗಿದ್ದೂ, ಸಾಲುಸಾಲಾಗಿ ಒಂದೇ ಅಚ್ಚಿನ ಅಕ್ಷರ ಹಿಡಿದು ನಿಂತವರ ಛಾಯಾಚಿತ್ರಗಳಲ್ಲಿ ಒಬ್ಬೊಬ್ಬರ ಸ್ವಂತ ಸಿಟ್ಟು ಯಾವುದೆಂದು ತಿಳಿಯುವುದಿಲ್ಲ.

ಐದು ವರ್ಷಗಳ ನಂತರ ಮೆಂಫಿಸ್‌ನಲ್ಲಿ ಆ ಕೊರತೆ ತುಂಬಿತು. 1968ರ ಫೆಬ್ರುವರಿ 1ರಂದು ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಇಬ್ಬರು ಪೌರಕಾರ್ಮಿಕರು ಸತ್ತರು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಕ್ಲೇಬಾರ್ನ್ ಟೆಂಪಲ್ ಚರ್ಚಿನಲ್ಲಿ ಅಚ್ಚಾದ ಅವರ ಫಲಕದಲ್ಲಿದ್ದದ್ದು ‘ನಾನು ಮನುಷ್ಯ’ ಎಂಬ ಒಂದೇ ಮಾತು. ಬಯೊನೆಟ್ ಹಿಡಿದ ಸೈನಿಕರ ಪಕ್ಕದಲ್ಲೇ ಅದನ್ನು ಎದೆಗೆ ತಗುಲಿಸಿಕೊಂಡು ಅವರು ನಡೆದರು. ಇದೂ ಅಚ್ಚಿನ ಫಲಕವೇ, ಎಲ್ಲರದೂ ಒಂದೇ ವಾಕ್ಯ. ಆದರೆ ಆ ‘ನಾನು’ ಹಿಡಿದವನ ಬಾಯಿಂದಲೇ ಬಂದಂತಿತ್ತು. ಕೂಲಿ, ಸಂಘ, ಸುರಕ್ಷತೆ ಎಂಬ ಬೇಡಿಕೆಗಳ ಪಟ್ಟಿಗಿಂತ ಆಳದಲ್ಲಿದ್ದ ಅವಮಾನವನ್ನು ಅದು ನೇರ ಮುಟ್ಟಿತು. ಈ ಕಲೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕೃತಿ ನನಗೆ ಕಾಣುವುದಿಲ್ಲ. ಆ ಚರ್ಚು 2025ರ ಏಪ್ರಿಲ್‌ನಲ್ಲಿ ಬೆಂಕಿಗೆ ತುತ್ತಾಯಿತು.

ಅರವತ್ತರ ದಶಕದ ಅದೇ ವರ್ಷಗಳಲ್ಲಿ ಗೋಡೆಗಳೂ ಮಾತಿಗಿಳಿದಿದ್ದವು. 1967ರಲ್ಲಿ ಶಿಕಾಗೋದ ದಕ್ಷಿಣ ಭಾಗದಲ್ಲಿ ವಿಲಿಯಂ ವಾಕರ್, ಜೆಫ್ ಡೊನಾಲ್ಡ್‌ಸನ್ ಮುಂತಾದವರು ಹಳೆಯ ಕಟ್ಟಡವೊಂದರ ಮೇಲೆ ಮುಹಮ್ಮದ್ ಅಲಿ, ಮಾಲ್ಕಂ ಎಕ್ಸ್, ನೀನಾ ಸಿಮೋನ್ ಮೊದಲಾದವರನ್ನು ಚಿತ್ರಿಸಿದರು. ‘ವಾಲ್ ಆಫ್ ರೆಸ್ಪೆಕ್ಟ್’ ಎಂದು ಹೆಸರಾದ ಆ ಗೋಡೆ ಬೇರೆ ನಗರಗಳಲ್ಲೂ ಭಿತ್ತಿಚಿತ್ರಗಳ ಅಲೆ ಎಬ್ಬಿಸಿತು. 1971ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಅದನ್ನು ಕೆಡವಿದರು. ಆ ವರ್ಷಗಳಲ್ಲೇ ಎಮರಿ ಡಗ್ಲಸ್ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಪತ್ರಿಕೆಗೆ ಬಿಡಿಸುತ್ತಿದ್ದ ದಪ್ಪಗೆರೆಯ ಚಿತ್ರಗಳು ಬೀದಿಬೀದಿಯ ಗೋಡೆ ಏರಿದವು. ಆ ಪಕ್ಷದ ಹೆಸರಿನಿಂದಲೇ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಹುಟ್ಟಿತು.

ಮುಂದಿನ ದೊಡ್ಡ ತಿರುವು 2014ರ ಫರ್ಗುಸನ್‌ನಲ್ಲಿ. ಕಪ್ಪು ಯುವಕ ಮೈಕೆಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾದ ಮೇಲೆ ಕಲಾವಿದರು ಕನ್ನಡಿ ಹೊದಿಸಿದ ಶವಪೆಟ್ಟಿಗೆಯೊಂದನ್ನು ಹೊತ್ತು ನಡೆದರು. ಎದುರು ನಿಂತವರಿಗೆ ಅದರಲ್ಲಿ ಕಂಡದ್ದು ತಮ್ಮದೇ ಮುಖ. ಈಗ ಅದು ಸ್ಮಿತ್‌ಸೋನಿಯನ್‌ನ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಅಂಗಡಿಗಳ ಗಾಜಿಗೆ ಅಡ್ಡ ಹೊಡೆದ ಪ್ಲೈವುಡ್ ಹಲಗೆಗಳು ಚಿತ್ರಪಟಗಳಾದದ್ದೂ ಅಲ್ಲೇ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಪೊಲೀಸನ ಕೈಯಲ್ಲಿ ಕೊಲೆಯಾದ ಮೇಲೆ ಇದೆಲ್ಲ ಒಮ್ಮೆಲೇ ಒಟ್ಟುಗೂಡಿತು. ಕೊಲೆ ನಡೆದ ಜಾಗದ ಬಳಿ ಮೂಡಿದ ಭಿತ್ತಿಚಿತ್ರದಲ್ಲಿ ಫ್ಲಾಯ್ಡ್ ಹಿಂದೆ ಸೂರ್ಯಕಾಂತಿ ಹೂವಿದೆ; ಹೂವಿನ ನಡುಭಾಗದ ತುಂಬ ಪೊಲೀಸರಿಂದ ಹತರಾದ ಬೇರೆಯವರ ಹೆಸರುಗಳು. ಕೆಲವೇ ದಿನಗಳಲ್ಲಿ ಸಿರಿಯಾದ ಇದ್ಲಿಬ್‌ನಲ್ಲಿ ಬಾಂಬಿಗೆ ಕುಸಿದ ಮನೆಯ ಗೋಡೆಯ ಮೇಲೆ ಅಜೀಜ್ ಅಸ್ಮರ್ ಫ್ಲಾಯ್ಡ್ ಮುಖ ಬರೆದರು. ಈ ಸಲ ಒಂದು ಸಮಿತಿ, ಒಂದು ಅಚ್ಚುಕೂಟ ಇರಲಿಲ್ಲ. ಮನೆಯಲ್ಲಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಮಾರ್ಕರ್ ಪೆನ್ನಿನಿಂದ ಬರೆದು ಜನ ಬೀದಿಗೆ ಬಂದರು. ಸಾಲಿಗೊಂದು ಗಾತ್ರದ ಅಕ್ಷರ, ಕೊನೆಯಲ್ಲಿ ಜಾಗ ಸಾಲದೆ ಒತ್ತಿ ಬರೆದ ಪದ. 1963ರ ಫಲಕಗಳಲ್ಲಿ ಸಿಗದ ಒಬ್ಬೊಬ್ಬರ ಸ್ವಂತ ಸಿಟ್ಟು ಈ ರಟ್ಟುಗಳಲ್ಲಿ ಸಿಗುತ್ತದೆ.

ಸರ್ಕಾರವೂ ಕುಂಚ ಹಿಡಿಯಿತು. ಜೂನ್ 5ರಂದು ಶ್ವೇತಭವನಕ್ಕೆ ಹೋಗುವ ರಸ್ತೆಯ ಮೇಲೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂದು ಭಾರಿ ಹಳದಿ ಅಕ್ಷರಗಳನ್ನು ಬರೆಸಿದ್ದು ವಾಷಿಂಗ್ಟನ್ ಮೇಯರ್ ಮ್ಯುರಿಯಲ್ ಬೌಸರ್. ಚಳವಳಿಗಾರರು ಮಾರನೆಯ ದಿನವೇ ಅದರ ಪಕ್ಕದಲ್ಲಿ ಪೊಲೀಸರಿಗೆ ಹಣ ನಿಲ್ಲಿಸಿ ಎಂದು ಅದೇ ಹಳದಿಯಲ್ಲಿ ಬರೆದರು. ಮೇಯರ್ ಬರೆಸಿದ್ದನ್ನು ಅಳಿಸದಿದ್ದರೆ ನಗರದ ಸಾರಿಗೆ ಅನುದಾನ ತಡೆಯುವ ಮಸೂದೆ ಸಂಸತ್ತಿಗೆ ಬಂದಾಗ, 2025ರ ಮಾರ್ಚ್‌ನಲ್ಲಿ, ಅದೇ ಮೇಯರ್ ಆಡಳಿತ ಆ ಅಕ್ಷರಗಳನ್ನು ಅಗೆದು ತೆಗೆಯಿತು. ರಿಚ್ಮಂಡ್‌ನಲ್ಲಿ ಗುಲಾಮಗಿರಿಯ ಪಕ್ಷದ ಸೇನಾಪತಿ ರಾಬರ್ಟ್ ಲೀ ಪ್ರತಿಮೆಯ ಪೀಠ ಬರಹಗಳಿಂದ ತುಂಬಿಹೋಗಿತ್ತು, ರಾತ್ರಿ ಅದರ ಮೇಲೆ ಬೆಳಕಿನಲ್ಲಿ ಫ್ಲಾಯ್ಡ್ ಮುಖ ಮೂಡುತ್ತಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಪ್ರತಿಮೆ ಹೋಯಿತು, ಸಂತೋಷವೇ. ಡಿಸೆಂಬರಿನಲ್ಲಿ ಜನ ಬರೆದ ಪೀಠವನ್ನೂ ಬಿಚ್ಚಿದರು. ಬ್ರಿಟನ್ನಿನ ಬ್ರಿಸ್ಟಲ್ ನಗರ ಬೇರೆ ದಾರಿ ಹಿಡಿಯಿತು. ಜನ ಕೆಡವಿ ನೀರಿಗೆಸೆದ ಗುಲಾಮ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆಯನ್ನು ಮೇಲೆತ್ತಿ, ಮೈಮೇಲಿನ ಬಣ್ಣ ಅಳಿಯದಂತೆ ಕಾಪಾಡಿ, ಆ ದಿನದ ಫಲಕಗಳ ಜೊತೆ ಮಲಗಿಸಿಯೇ ಪ್ರದರ್ಶಿಸಿತು.

ಅಧ್ಯಯನವೂ ಈಗಷ್ಟೇ ದಾರಿ ಹುಡುಕುತ್ತಿದೆ. ಮಿನೆಸೋಟದ ಸೇಂಟ್ ಥಾಮಸ್ ವಿಶ್ವವಿದ್ಯಾಲಯದ ‘ಅರ್ಬನ್ ಆರ್ಟ್ ಮ್ಯಾಪಿಂಗ್’ ತಂಡ 2020ರಿಂದ ಜಗತ್ತಿನಾದ್ಯಂತ ಜನ ಕಳಿಸಿದ ಚಿತ್ರಗಳನ್ನು ಸ್ಥಳ, ದಿನಾಂಕಗಳೊಂದಿಗೆ ಕೂಡಿಡುತ್ತಿದೆ. ದೊಡ್ಡ ಭಿತ್ತಿಚಿತ್ರಕ್ಕೆ ಸಿಗುವ ಗಮನವೇ ಅವಸರದಲ್ಲಿ ಗೀಚಿದ ಎರಡು ಪದಕ್ಕೂ ಅಲ್ಲಿ ಸಿಗುತ್ತದೆ. ಹೀಗೆ ಮಾಡಿದ್ದರಿಂದಲೇ ಕುಂಚ ಕಲಿತವರ ಚರಿತ್ರೆಯಷ್ಟೇ ಆಗದೆ ಉಳಿದವರದೂ ದಾಖಲಾಗುತ್ತಿದೆ.

ಆದರೆ ಚಿತ್ರ ತೆಗೆದಿಟ್ಟರೆ ವಸ್ತು ಉಳಿದಂತಲ್ಲ. ರಟ್ಟಿನೊಳಗಿನ ಆಮ್ಲ ರಟ್ಟನ್ನೇ ತಿನ್ನುತ್ತದೆ, ಮಾರ್ಕರ್ ಶಾಯಿ ಬಿಸಿಲಿಗೆ ಮಾಸುತ್ತದೆ, ಮಳೆಗೆ ಪ್ಲೈವುಡ್ಡಿನ ಪದರ ಬಿಡುತ್ತದೆ. ಕೊಲೆ ನಡೆದ ಜಾಗದ ಜಾರ್ಜ್ ಫ್ಲಾಯ್ಡ್ ಚೌಕದಲ್ಲಿ ಜನ ಇಟ್ಟುಹೋದದ್ದೆಲ್ಲ ಯಾರೋ ಅರ್ಪಿಸಿದ್ದು, ಯಾವುದನ್ನೂ ಎಸೆಯಬಾರದು ಎಂಬ ನಿಯಮ ಹಾಕಿಕೊಂಡು ನೆರೆಹೊರೆಯವರೇ ಅವನ್ನು ನೋಡಿಕೊಂಡರು. ‘ಮೆಮೋರಿಯಲೈಸ್ ದ ಮೂವ್‌ಮೆಂಟ್’ ಎಂಬ ಸಂಸ್ಥೆ ಮಿನಿಯಾಪೊಲಿಸ್‌ನ ಅಂಗಡಿಗಳಿಂದ ಸಾವಿರಕ್ಕೂ ಹೆಚ್ಚು ಹಲಗೆಗಳನ್ನು ಕೂಡಿಹಾಕಿ ಪ್ರದರ್ಶನಗಳಿಗೆ ಹೊರತರುತ್ತದೆ. ಇಂಥ ಸಂಗ್ರಹದಿಂದ ನಾಲ್ಕು ಒಳ್ಳೆಯ ಹಲಗೆ ಆರಿಸಿಕೊಂಡು ಹೋಗುವುದಕ್ಕಿಂತ, ಅವುಗಳ ಗೋದಾಮಿನ ಬಾಡಿಗೆಯನ್ನೂ ತೇವ ತಡೆಯುವ ಯಂತ್ರದ ಖರ್ಚನ್ನೂ ದೊಡ್ಡ ವಸ್ತುಸಂಗ್ರಹಾಲಯಗಳು ಕೊಡಬೇಕು. ಅವು ಬರೆದವರ ಊರಲ್ಲೇ, ಬರೆದವರ ಸುಪರ್ದಿನಲ್ಲೇ ಇರಲಿ.