ಹದಿಹರೆಯದವರಲ್ಲಿ ಸ್ವಕರುಣೆ

ಸೋತಾಗ, ತಪ್ಪು ಮಾಡಿದಾಗ, ಅವಮಾನವಾದಾಗ ತನ್ನನ್ನು ತಾನೇ ಹಳಿದುಕೊಳ್ಳದೆ, ಕಷ್ಟದಲ್ಲಿರುವ ಗೆಳೆಯರಿಗೆ ತೋರುವ ಅಕ್ಕರೆಯನ್ನು ತನಗೂ ತೋರಿಕೊಳ್ಳುವ ಮನೋಭಾವವೇ ಸ್ವಕರುಣೆ. ಬೌದ್ಧ ಚಿಂತನೆಯಿಂದ ಪ್ರೇರಿತವಾದ ಈ ಪರಿಕಲ್ಪನೆಯನ್ನು ಅಳೆಯಲು ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ 26 ಹೇಳಿಕೆಗಳ ಮಾಪಕವನ್ನು ಪ್ರಕಟಿಸಿದರು.

ನೆಫ್ ಪ್ರಕಾರ ಸ್ವಕರುಣೆಗೆ ಮೂರು ಮುಖಗಳಿವೆ: ತನ್ನ ಬಗ್ಗೆ ದಯೆ, ನೋವು ಎಲ್ಲರ ಬಾಳಿನಲ್ಲೂ ಇದೆಯೆಂಬ ಅರಿವು, ನೋವನ್ನು ಹಿಗ್ಗಿಸದೆ ಅದುಮದೆ ಇದ್ದಂತೆ ಗಮನಿಸುವ ಎಚ್ಚರ. ಹದಿಹರೆಯದಲ್ಲಿ ಕೈಗೆಟುಕದೆ ಹೋಗುವುದು ಮುಖ್ಯವಾಗಿ ಎರಡನೆಯದು. ಈ ವಯಸ್ಸಿನವರು ಎಲ್ಲರ ಕಣ್ಣೂ ತಮ್ಮ ಮೇಲೇ ಇದೆಯೆಂದುಕೊಳ್ಳುತ್ತಾರೆ, ತಮ್ಮ ಸಂಕಟ ಬೇರಾರಿಗೂ ಬಂದಿರಲಾರದು ಎಂದೂ ನಂಬುತ್ತಾರೆ ಎಂದು ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲೇ ವಿವರಿಸಿದ್ದರು. ಮುಖದ ಮೇಲಿನ ಒಂದು ಮೊಡವೆ, ತರಗತಿಯಲ್ಲಿ ತಪ್ಪಿದ ಒಂದು ಉತ್ತರ ಅಷ್ಟೊಂದು ಕಾಡುವುದು ಇದಕ್ಕೇ. ಇದನ್ನು ಅತಿರೇಕವೆಂದು ಹಿರಿಯರು ತಳ್ಳಿಹಾಕಿದರೆ ಮಗು ಇನ್ನಷ್ಟು ಒಂಟಿಯಾಗುತ್ತದೆ. ನೆಫ್ ಮತ್ತು ಸಂಶೋಧಕ ಮೆಗೀ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಸಂಕಟವೇ ಬೇರೆ ಎಂಬ ಭಾವನೆ ಬಲವಾಗಿದ್ದವರಲ್ಲಿ ಸ್ವಕರುಣೆ ಕಡಿಮೆಯಿತ್ತು. ತಾಯಿಯ ಆಸರೆ ಸಿಕ್ಕವರಲ್ಲಿ ಹೆಚ್ಚಿತ್ತು. ಸ್ವಕರುಣೆ ಹೆಚ್ಚಿದ್ದವರಲ್ಲಿ ಖಿನ್ನತೆ, ಆತಂಕ ಕಡಿಮೆಯಿದ್ದವು.

ಸ್ವಕರುಣೆಯೂ ಆತ್ಮಗೌರವವೂ ಒಂದೇ ಅಲ್ಲ. ಆತ್ಮಗೌರವ ಬಹುಮಟ್ಟಿಗೆ ಅಂಕ, ರೂಪ, ಹೋಲಿಕೆಗಳನ್ನು ನೆಚ್ಚಿರುತ್ತದೆ. ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಆಸ್ಟ್ರೇಲಿಯಾದ ಶಾಲಾ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಆತ್ಮಗೌರವ ಕಡಿಮೆಯಿದ್ದರೂ ಸ್ವಕರುಣೆಯಿದ್ದ ಮಕ್ಕಳ ಮಾನಸಿಕ ಆರೋಗ್ಯ ಅಷ್ಟಾಗಿ ಕುಸಿಯಲಿಲ್ಲ. ಹದಿಹರೆಯದ ಕೊನೆಯ ವರ್ಷಗಳಲ್ಲಿ ಹುಡುಗಿಯರ ಸ್ವಕರುಣೆ ಹುಡುಗರಿಗಿಂತ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೆ ವಿಶೇಷ ಗಮನ ಸಲ್ಲಬೇಕು.

ಈ ಗುಣವನ್ನು ಕಲಿಸಬಹುದು. ಉತ್ತರ ಕೆರೊಲಿನಾದ ಕ್ಯಾರೆನ್ ಬ್ಲೂತ್ ಮತ್ತು ಕ್ಯಾಲಿಫೋರ್ನಿಯಾದ ಲೊರೇನ್ ಹಾಬ್ಸ್ ಹದಿಹರೆಯದವರಿಗೆಂದೇ ರೂಪಿಸಿದ ತರಬೇತಿಯಲ್ಲಿ ಚಿತ್ರ ಬಿಡಿಸುವುದು, ಸಂಗೀತ ಕೇಳುವುದೂ ಸೇರಿವೆ. ಆದರೆ ನೆಫ್ ಅವರ ಮಾಪಕದ ಬಗ್ಗೆ ತಕರಾರುಗಳಿವೆ. ಆತ್ಮನಿಂದೆ, ಒಂಟಿತನಗಳನ್ನು ಅಳೆಯುವ ಅದರ ಹೇಳಿಕೆಗಳು ಖಿನ್ನತೆಯ ಲಕ್ಷಣಗಳನ್ನೇ ಹೋಲುವುದರಿಂದ ಫಲಿತಾಂಶ ಉಬ್ಬುತ್ತದೆ ಎಂದು ಮನೋವಿಜ್ಞಾನಿ ಪೀಟರ್ ಮ್ಯೂರಿಸ್ ವಾದಿಸಿದ್ದಾರೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ.

ತೀವ್ರ ಖಿನ್ನತೆಗೆ ಸ್ವಕರುಣೆಯ ಅಭ್ಯಾಸವೊಂದೇ ಚಿಕಿತ್ಸೆಯಲ್ಲ. ಅದರಿಂದ ಬಳಲುವ ಮಕ್ಕಳು, ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.